ಅಟಲ್ ಭೂಜಲದ ಜಲಭದ್ರತಾ ಯೋಜನೆ: ಕೊಳವೆಬಾವಿ ಇಲ್ಲದ ಮನೆಗೆ ಏನು ಸಿಗುತ್ತೆ?

ಅರಸೀಕೆರೆ ಬಯಲು: ಅಟಲ್ ಭೂಜಲ ಅನ್ನೋ ಅಂತರ್ಜಲ ಕಾರ್ಯಕ್ರಮದಡಿ ನಮ್ಮ ಪಂಚಾಯಿತಿಗೆ ಮಾಡಿದ ಜಲಭದ್ರತಾ ಯೋಜನೆಯಲ್ಲಿ ಚೆಕ್‌ಡ್ಯಾಂ, ಇಂಗುಗುಂಡಿ, ಹನಿ ನೀರಾವರಿ ಎಲ್ಲಾ ಇದೆ. ವಿಶ್ವಬ್ಯಾಂಕ್ ದುಡ್ಡು ಅಂದರೆ ನೇರ ಕಾಮಗಾರಿಗೇ ಬರಬೇಕಲ್ಲವೆ? ಮಳೆ ನಂಬಿ ರಾಗಿ ಬೆಳೆಯುವವರಿಗೂ ಪ್ರಯೋಜನ ಆಗೋ ಹಾಗೆ ಏನು ಬರೆಸಬೇಕು?

ಜಲಲೆಕ್ಕ: ಎಲ್ಲರೂ ಎಡವೋದು ಅಲ್ಲೇ ಸರ್. ಅಟಲ್ ಭೂಜಲ 2019ರ ಡಿಸೆಂಬರ್‌ನಲ್ಲಿ ಶುರುವಾದ 6,000 ಕೋಟಿಯ ಕಾರ್ಯಕ್ರಮ; ಅರ್ಧ ವಿಶ್ವಬ್ಯಾಂಕ್ ಸಾಲ, ಅರ್ಧ ಕೇಂದ್ರದ್ದು. ಅದರಲ್ಲಿ 4,600 ಕೋಟಿ ಪ್ರೋತ್ಸಾಹಧನ. ಅಂತರ್ಜಲದ ಅಂಕಿಅಂಶ ಊರಿಗೆ ತಿಳಿಸಬೇಕು, ಜನರೇ ಕೂತು ಯೋಜನೆ ಮಾಡಬೇಕು, ಬೇರೆ ಇಲಾಖೆಗಳ ಹಣ ಜೋಡಿಸಬೇಕು, ನೀರಿನ ಮಿತಬಳಕೆ ಆಗಬೇಕು, ಅಂತರ್ಜಲ ಮಟ್ಟದ ಕುಸಿತ ತಗ್ಗಬೇಕು. ಇಷ್ಟು ತೋರಿಸಿದ ಮೇಲೆ ರಾಜ್ಯಕ್ಕೆ ಹಣ. ಕಾಮಗಾರಿ ಖರ್ಚಿನ ಬಹುಪಾಲನ್ನು ಜಲಾನಯನ, ತೋಟಗಾರಿಕೆ, ಗ್ರಾಮೀಣ ಉದ್ಯೋಗ ಯೋಜನೆಗಳಿಂದಲೇ ಹೊಂದಿಸಬೇಕು. ಪಂಚಾಯಿತಿಯ ವಾರ್ಷಿಕ ಕ್ರಿಯಾಯೋಜನೆಗೆ ಸೇರದ ಕಾಮಗಾರಿ ಕಡತದಲ್ಲೇ ಉಳಿಯುತ್ತೆ. ವಾರ್ಡ್ ಸಭೆಯಲ್ಲಿ ಓದಿಸಿ, ಗ್ರಾಮಸಭೆ ನಡಾವಳಿಗೆ ಸರ್ವೆ ನಂಬರ್ ಸಮೇತ ಹತ್ತಿಸಿ. "ಸೂಕ್ತ ಸ್ಥಳದಲ್ಲಿ" ಅಂತ ಬಿಟ್ಟರೆ ಚೆಕ್‌ಡ್ಯಾಂ ಹೋಗೋದು ದೊಡ್ಡ ತೋಟದ ಪಕ್ಕಕ್ಕೆ.

ಕಡೂರು ಕೆಂಪುಮಣ್ಣು: ಇಂಗುಗುಂಡಿ ಬಗ್ಗೆ ಒಂದು ಮಾತು. ಉದ್ದ, ಅಗಲ, ಆಳ ಹತ್ತತ್ತು ಅಡಿ ಇದ್ದರೆ 28,000 ಲೀಟರ್ ಅಂತ ಬರೀತಾರೆ. ಕಲ್ಲು, ಜಲ್ಲಿ, ಮರಳು ತುಂಬಿದ ಮೇಲೆ ಒಮ್ಮೆಗೆ ಹಿಡಿಯೋದು ಸುಮಾರು 11,000. ಹೊಲದ ಕೆಂಪು ನೀರು ನೇರ ಬಿಟ್ಟರೆ ಮರಳಿನ ಮೇಲೆ ಗೋಡು ಪದರ ಕಟ್ಟುತ್ತೆ, ನೀರು ಇಳಿಯೋದೇ ಇಲ್ಲ. ಅದರ ಮುಂದೆ ಮಣ್ಣು ತಂಗಿಸುವ ಹೂಳುಗುಂಡಿ ಇರಲೇಬೇಕು. ಮುಂಗಾರಿಗೆ ಮೊದಲು ಮೇಲಿನ ಮರಳು ಕೆರೆದು ಬದಲಿಸಬೇಕು. ಆ ಖರ್ಚನ್ನೂ ಈಗಲೇ ಬರೆಸಿ. ತಿಪ್ಪೆ, ಕೊಟ್ಟಿಗೆ ನೀರು ಹರಿದು ಬರುವ ಕಡೆ ಕೊಳವೆಬಾವಿ ಸುತ್ತ ಗುಂಡಿ ತೋಡಲೇಬೇಡಿ.

ಬದು-ಕೋಡಿ: ಇಂಗಿದ ನೀರು ಸಿಗೋದು ಪಂಪ್ ಇದ್ದವರಿಗೆ. ರಾಗಿ ಹೊಲಕ್ಕೆ ಬೇಕಾದ್ದು ಮಣ್ಣಿನ ತೇವ. ಒಂದು ಹೆಕ್ಟೇರ್ ಮೇಲೆ 20 ಮಿ.ಮೀ. ಮಳೆ ಬಿದ್ದರೆ 2 ಲಕ್ಷ ಲೀಟರ್. ಹರಿದುಹೋಗುವ ಪಾಲನ್ನು ಬದು, ಕೃಷಿಹೊಂಡದಲ್ಲಿ ಹಿಡಿಯಿರಿ. ಕ್ರಿಯಾಯೋಜನೆಯಲ್ಲಿ ಸಣ್ಣ ಹಿಡುವಳಿ, ಪರಿಶಿಷ್ಟರು, ಹೆಣ್ಣುಮಕ್ಕಳ ಹೆಸರಿನ ಜಮೀನು ಮೊದಲು ಬರಲಿ. ಬದುವಿಗೆ ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ ಇಡದಿದ್ದರೆ ಮೊದಲ ಜೋರು ಮಳೆಗೇ ಒಡೆದು ಕೆಳಗಿನವರ ಹೊಲವನ್ನೂ ಕೊಚ್ಚುತ್ತೆ.

ಹನಿ ನೀರಾವರಿ ಎಷ್ಟು ಎಕರೆ ಆಯ್ತು ಅಂತಷ್ಟೇ ಎಣಿಸಬೇಡಿ. ಉಳಿಸಿದ ನೀರಿಗೆ ಇನ್ನೆರಡು ಎಕರೆ ಅಡಿಕೆ ಇಟ್ಟರೆ ಎತ್ತೋ ನೀರು ಮೊದಲಿನಷ್ಟೇ ಇರುತ್ತೆ. ಮುಂಗಾರಿಗೆ ಮೊದಲು ಮೇನಲ್ಲಿ, ಆಮೇಲೆ ನವೆಂಬರ್‌ನಲ್ಲಿ, ರಾತ್ರಿಯಿಡೀ ಪಂಪ್ ನಿಲ್ಲಿಸಿ ಬೆಳಿಗ್ಗೆ ಅವೇ ಬಾವಿಗಳ ಮಟ್ಟ ಅಳೆದು ಪಂಚಾಯಿತಿ ಗೋಡೆಗೆ ಬರೆಸಿ.