ಟ್ರಾಮಾ ಸೆಂಟರ್: ಕಿರಿಯಾಕಿನ ಹಿಡಿಯೋದು ಹೇಗೆ?

ಜಯನಗರದವಳು: ಎಸ್‌ಪಿ ರೋಡ್‌ನಲ್ಲಿ ಕೈಯಲ್ಲಿ ಹಿಡಿದು ಆಡೋ ಹಳೇ ಗೇಮ್ ಸಾಧನ ನಿಂಟೆಂಡೊ ಡಿಎಸ್ ತಗೊಂಡೆ, ಜೊತೆಗೆ ಅಟ್ಲಸ್‌ನವರ 2005ರ 'ಟ್ರಾಮಾ ಸೆಂಟರ್: ಅಂಡರ್ ದ ನೈಫ್' ಅನ್ನೋ ಆಪರೇಷನ್ ಮಾಡೋ ಗೇಮ್ ಸಿಕ್ತು. ಮೆಟ್ರೋ ಹತ್ತಿದ್ರೆ ಮೆಜೆಸ್ಟಿಕ್ ಬರೋವರೆಗೂ ತಲೆ ಎತ್ತಲ್ಲ. ಡಾಕ್ಟರ್ ಡೆರೆಕ್, ನರ್ಸ್ ಆಂಜಿ ಮಾತಾಡೋ ದೃಶ್ಯಗಳು ಅನಿಮೆ ನೋಡಿದ ಹಾಗೇ ಇವೆ, ಒಂದನ್ನೂ ಸ್ಕಿಪ್ ಮಾಡಿಲ್ಲ. ಆದ್ರೆ ರೋಗಿ ಅಂಗದೊಳಗೆ ಅವಿತು ಕೊಯ್ಯೋ ಈ ಕಿರಿಯಾಕಿ ಅನ್ನೋ ಪರಾವಲಂಬಿ! ಒಂದು ಗಾಯ ಹೊಲಿಯೋಷ್ಟರಲ್ಲಿ ಇನ್ನೊಂದು ಕಡೆ ಕೊಯ್ದಿರುತ್ತೆ, ವೈಟಲ್ಸ್ (ರೋಗಿಯ ಜೀವದ ಅಳತೆ) ಇಳೀತಾನೇ ಇರುತ್ತೆ. ಗೊತ್ತಿರೋರು ಹೇಳಿ ಪ್ಲೀಸ್.

ಸ್ಟೈಲಸ್ ಸೀನ: ಹೊಲಿಗೆ ಹಿಂದೆ ಓಡಬೇಡಿ ಮೇಡಂ. ಮೊದಲು ಇಂಜೆಕ್ಷನ್ ಕೊಟ್ಟು ವೈಟಲ್ಸ್ ಮೇಲಕ್ಕೆ ತನ್ನಿ. ಆಮೇಲೆ ಅಲ್ಟ್ರಾಸೌಂಡ್ ಹಾಕಿ, ನೆರಳು ಕಂಡ ಜಾಗದಲ್ಲೇ ಸ್ಕಾಲ್‌ಪೆಲ್ ಎಳೀರಿ. ಅದು ಹೊರಗೆ ಬಂದ ತಕ್ಷಣ ಲೇಸರ್. ಸ್ಟೈಲಸ್ (ಪರದೆ ಮೇಲೆ ಬರೆಯೋ ಕಡ್ಡಿ) ಎತ್ತದೆ ನಕ್ಷತ್ರ ಬರೆದ್ರೆ ಹೀಲಿಂಗ್ ಟಚ್ ಅನ್ನೋ ವಿಶೇಷ ಶಕ್ತಿ ಬರುತ್ತೆ, ಸಮಯ ನಿಧಾನ ಆಗುತ್ತೆ. ಅದನ್ನ ತುಂಬಾ ಗಾಯ ಆದಾಗ ಬಳಸೋಕೆ ಉಳಿಸ್ಕೊಳ್ಳಿ.

ನೈಟ್ ಡ್ಯೂಟಿ: ನಾನು ನರ್ಸ್. ಜೆಲ್ ಹಚ್ಚಿದ ಕೂಡಲೇ ಗಾಯ ಮಾಯೋದು ಗೇಮ್‌ನಲ್ಲಿ ಮಾತ್ರ. ಆದ್ರೆ ಆಂಜಿ ಪಕ್ಕದಲ್ಲಿ ನಿಂತು ಡಾಕ್ಟರನ್ನ ಎಚ್ಚರಿಸ್ತಾಳಲ್ಲ, ಅದಕ್ಕೇ ನನಗೆ ಈ ಗೇಮ್ ಇಷ್ಟ. ಆಪರೇಷನ್ ಥಿಯೇಟರ್‌ನಲ್ಲಿ ನಾವೂ ಹಾಗೇ ನಿಲ್ತೀವಿ.

ಜಯನಗರದವಳು: ಸೀನ ಅವ್ರೇ, ನೆರಳು ಸಿಕ್ತು! ಇವತ್ತು ರಾತ್ರಿ ಮುಗಿಸ್ತೀನಿ.