2020ರ ಲಾಕ್‌ಡೌನ್ ಮದುವೆ ಕೇಸು: 188, 269, ಡಿಎಂ ಆ್ಯಕ್ಟ್ 51(ಬಿ). ದಂಡ ಕಟ್ಟಿ ಮುಗಿಸೋದಾ, ನಡೆಸೋದಾ?

ಹಳೇಫೈಲು

ಕೇಸಿನ ವಿವರ ಇಷ್ಟು. ಹಾವೇರಿ ಜಿಲ್ಲೆಯ ಒಂದು ಹಳ್ಳಿ, 2020ರ ಮೇ 21, ಮನೆ ಅಂಗಳದಲ್ಲೇ ಮದುವೆ. 50 ಜನರ ಮಿತಿ ಮೀರಿದೆ ಅಂತ ಠಾಣೆಯ ಪಿಎಸ್‌ಐ ತಾವೇ ದೂರುದಾರರಾಗಿ ಎಫ್‌ಐಆರ್ ಹಾಕಿದ್ದಾರೆ. ಐಪಿಸಿ 188 (ಅಧಿಕಾರಿಯ ಆದೇಶ ಮೀರಿದ್ದು), 269 (ಸೋಂಕು ಹರಡುವಂಥ ಅಜಾಗರೂಕತೆ), ಜೊತೆಗೆ 34 (ಸಮಾನ ಉದ್ದೇಶ). ವಿಪತ್ತು ನಿರ್ವಹಣಾ ಕಾಯ್ದೆ (ಡಿಎಂ ಆ್ಯಕ್ಟ್) 2005ರ 51(ಬಿ), ಅಂದರೆ ಸರ್ಕಾರದ ನಿರ್ದೇಶನ ಪಾಲಿಸದಿದ್ದದ್ದು. ಆರೋಪಿಗಳು ಮೂವರು: ಮದುಮಗ, ಅವರ ತಂದೆ, ಶಾಮಿಯಾನದವರು. ಜನ ಕರೆತಂದ ಟೆಂಪೊ ಜಪ್ತಿಯಾಗಿ, ಬಾಂಡ್ ಮೇಲೆ ಬಿಡುಗಡೆಯಾಗಿದೆ.

ಚಾರ್ಜ್‌ಶೀಟ್ 2021ರ ನವೆಂಬರ್‌ನಲ್ಲಿ. ಮದುಮಗ ಪುಣೆಯಲ್ಲಿ ಕೆಲಸ ಮಾಡೋದರಿಂದ ಸಮನ್ಸ್ ಹಳ್ಳಿ ವಿಳಾಸಕ್ಕೆ ಹೋಗಿ ಹೋಗಿ ವಾಪಸ್ ಬಂದಿದೆ. ಈಗ ಪಾಸ್‌ಪೋರ್ಟ್ ನವೀಕರಣಕ್ಕೆ ಹೊರಟಾಗ ಕೇಸು ಇನ್ನೂ ಜೀವಂತ ಅಂತ ತಿಳಿದಿದೆ. "ತಪ್ಪೊಪ್ಪಿಕೊಂಡರೆ ಒಂದೇ ದಿನದಲ್ಲಿ ಮುಗೀತದೆ, ಕೆಲವು ನೂರು ರೂಪಾಯಿ ದಂಡ" ಅಂತ ಕೋರ್ಟ್ ಆವರಣದಲ್ಲಿ ಎಲ್ಲರದ್ದೂ ಒಂದೇ ಮಾತು. ಅದು ಸರಿಯಾದ ದಾರಿಯಾ? ಬೇರೆ ದಾರಿ ಇದ್ದರೆ ಎಲ್ಲಿಂದ ಶುರು ಮಾಡಬೇಕು?

---

ಬಾರ್‌ರೂಮ್ ಬೆಂಚು

ಮೊದಲು ಕಾಗದ, ಆಮೇಲೆ ದಾರಿ. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್‌ನಲ್ಲಿ ಕೇಸ್ ಸ್ಟೇಟಸ್, ಎಫ್‌ಐಆರ್ ನಂಬರ್ ಅಂತ ಹೋಗಿ ಜಿಲ್ಲೆ, ಕೋರ್ಟ್ ಸಂಕೀರ್ಣ, ಠಾಣೆ, ಕ್ರೈಂ ನಂಬರ್, 2020 ಹಾಕಿ. ಸಿ.ಸಿ. ನಂಬರ್ (ಕೋರ್ಟಿನ ಕೇಸ್ ಸಂಖ್ಯೆ) ಮತ್ತು ಕೇಸನ್ನು ಗುರುತಿಸುವ 16 ಅಕ್ಷರದ ಸಿಎನ್‌ಆರ್ ಸಿಗುತ್ತದೆ. "ಪೆಂಡಿಂಗ್" ಒಂದನ್ನೇ ಒತ್ತಬೇಡಿ, "ಬೋತ್" ಒತ್ತಿ. ಆರೋಪಿಗಳನ್ನು ಬೇರ್ಪಡಿಸಿ ಒಬ್ಬರ ಕೇಸು ಮುಗಿಸಿದ್ದರೆ ಅದು ವಿಲೇವಾರಿಯಾದ ಪಟ್ಟಿಯಲ್ಲಿ ಕೂತಿರುತ್ತದೆ.

ಆಮೇಲೆ ನಕಲು ಅರ್ಜಿ ಹಾಕಿ ನಾಲ್ಕು ದಾಖಲೆಗಳ ಸರ್ಟಿಫೈಡ್ ಕಾಪಿ ತೆಗೆಸಿ: ದೂರು, ಎಫ್‌ಐಆರ್, ಚಾರ್ಜ್‌ಶೀಟ್ (ಎಲ್ಲ ಅಡಕಗಳ ಸಮೇತ), ಮೊದಲ ದಿನದಿಂದ ಇಂದಿನವರೆಗಿನ ಆರ್ಡರ್ ಶೀಟ್. ಆರೋಪಿಗೆ ಚಾರ್ಜ್‌ಶೀಟ್ ಪ್ರತಿ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 207ರಡಿ ಪುಕ್ಕಟೆ ಸಿಗಬೇಕು. ಆದರೆ ಹೈಕೋರ್ಟ್‌ಗೆ ಹೋಗೋದಾದರೆ ದೃಢೀಕೃತ ನಕಲೇ ಬೇಕು.

ಕಾಗದ ಕೈಗೆ ಬಂದ ಮೇಲೆ ಹುಡುಕಬೇಕಾದ್ದು ಒಂದೇ: ಕೋರ್ಟಿಗೆ ದೂರು ಕೊಟ್ಟವರು ಯಾರು? ಅಂಗಳದಲ್ಲಿ ಎಷ್ಟು ಜನ ಇದ್ದರು ಅನ್ನೋದು ಆಮೇಲಿನ ಮಾತು.

188ಕ್ಕೆ ಸಿಆರ್‌ಪಿಸಿ 195(1)(ಎ) ಅಡ್ಡ ನಿಂತಿದೆ. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡದೆ ಮ್ಯಾಜಿಸ್ಟ್ರೇಟ್ ಕಾಗ್ನಿಜೆನ್ಸ್ (ಕೇಸನ್ನು ವಿಚಾರಣೆಗೆ ಪರಿಗಣಿಸೋದು) ತೆಗೆದುಕೊಳ್ಳುವಂತಿಲ್ಲ. ಕಾಯ್ದೆಯ ಭಾಷೆಯಲ್ಲಿ "ದೂರು" ಅಂದರೆ ಮ್ಯಾಜಿಸ್ಟ್ರೇಟರ ಮುಂದೆ ಇಟ್ಟದ್ದು, ಠಾಣೆಯಲ್ಲಿ ಬರೆದುಕೊಟ್ಟದ್ದಲ್ಲ. ಪೊಲೀಸ್ ವರದಿ ಆ ವ್ಯಾಖ್ಯೆಯಿಂದಲೇ ಹೊರಗಿದೆ. ಆದೇಶ ಜಿಲ್ಲಾಧಿಕಾರಿಯದ್ದಾಗಿ, ಠಾಣೆಯಲ್ಲಿ ದೂರು ಕೊಟ್ಟವರೂ ಚಾರ್ಜ್‌ಶೀಟ್ ಹಾಕಿದವರೂ ಪಿಎಸ್‌ಐ ಆಗಿದ್ದರೆ 188 ಅಲ್ಲಿಗೇ ಕುಸಿಯುತ್ತದೆ. 1962ರ ದೌಲತ್ ರಾಮ್ ತೀರ್ಪಿನಿಂದ ಸುಪ್ರೀಂ ಕೋರ್ಟ್ ಇದೇ ಮಾತು ಹೇಳುತ್ತ ಬಂದಿದೆ.

ಡಿಎಂ ಆ್ಯಕ್ಟ್‌ಗೂ ಇಂಥದ್ದೇ ಬಾಗಿಲು ಇದೆ, ಸೆಕ್ಷನ್ 60. ಪ್ರಾಧಿಕಾರ, ಸರ್ಕಾರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ದೂರು ಬೇಕು. ಬೇರೆಯವರಾದರೆ 30 ದಿನದ ನೋಟಿಸ್ ಕೊಟ್ಟು ಆಮೇಲೆ ದೂರು. ಪಿಎಸ್‌ಐಗೆ ಅಂಥ ಅಧಿಕಾರ ಕೊಟ್ಟ ಆದೇಶ ಚಾರ್ಜ್‌ಶೀಟ್‌ನ ದಾಖಲೆ ಪಟ್ಟಿಯಲ್ಲಿ ಇದೆಯಾ ನೋಡಿ. 2020ರ ಗಡಿಬಿಡಿಯಲ್ಲಿ ಬಿಟ್ಟುಹೋಗಿರುವ ಹಾಳೆ ಬಹುಮಟ್ಟಿಗೆ ಇದೇ.

---

ಸಂತೆಪೇಟೆ

ಇಷ್ಟೆಲ್ಲ ಯಾಕೆ ಸ್ವಾಮಿ? ಲೋಕ ಅದಾಲತ್ ದಿನ ಹೋಗಿ ತಪ್ಪಾಯ್ತು ಅಂದರೆ ಮಧ್ಯಾಹ್ನದೊಳಗೆ ರಸೀದಿ ಕೈಗೆ. 188ಕ್ಕೆ ಗರಿಷ್ಠ ದಂಡವೇ ಒಂದು ಸಾವಿರ. ವಕೀಲರ ಫೀಸು ಅದಕ್ಕಿಂತ ಜಾಸ್ತಿ.

---

ಬಾರ್‌ರೂಮ್ ಬೆಂಚು

ದಂಡದ ಲೆಕ್ಕ ಸರಿ. ಬರಿ ಅವಿಧೇಯತೆಗೆ ಒಂದು ತಿಂಗಳು ಅಥವಾ 200 ರೂ., ಜೀವ ಅಥವಾ ಆರೋಗ್ಯಕ್ಕೆ ಅಪಾಯ ಆಗುವಂತಿದ್ದರೆ ಆರು ತಿಂಗಳು ಅಥವಾ 1,000 ರೂ. ಆದರೆ ಆ ರಸೀದಿಯನ್ನು ಟ್ರಾಫಿಕ್ ಚಲನ್ ಅಂದುಕೊಳ್ಳಬೇಡಿ. ಸಿಆರ್‌ಪಿಸಿ 252ರಡಿ ತಪ್ಪೊಪ್ಪಿಗೆ ಅಂದರೆ ಶಿಕ್ಷೆಯಾಯಿತು ಅಂತಲೇ ಅರ್ಥ. 188 ರಾಜಿಯಾಗುವ ಅಪರಾಧವೂ ಅಲ್ಲ. ಮುಂದೆ ಸರ್ಕಾರಿ ನೌಕರಿಯ ದೃಢೀಕರಣ ನಮೂನೆಯಲ್ಲಿ "ಯಾವುದಾದರೂ ನ್ಯಾಯಾಲಯದಿಂದ ಶಿಕ್ಷೆಯಾಗಿದೆಯೇ" ಅಂತ ಕೇಳಿದಾಗ "ಹೌದು" ಅಂತ ಬರೀಬೇಕು. ಬರೀದೆ ಮುಚ್ಚಿಟ್ಟರೆ ಮೂಲ ಕೇಸಿಗಿಂತ ಅದೇ ದೊಡ್ಡ ತಲೆನೋವು.

ಇನ್ನೊಂದು: ಒಪ್ಪಿಕೊಳ್ಳೋದು ಬರಿ 188 ಅಲ್ಲ. 269 ಒಪ್ಪಿಕೊಂಡರೆ ಸೋಂಕು ಹರಡುವಂಥ ಅಜಾಗರೂಕತೆ ಒಪ್ಪಿದಂತೆ, 51(ಬಿ) ಒಪ್ಪಿದರೆ ಒಂದು ವರ್ಷದವರೆಗಿನ ಅಪರಾಧ ಒಪ್ಪಿದಂತೆ. ತಪ್ಪೊಪ್ಪಿಗೆಯೇ ಬೇಕು ಅಂತ ಯಾರಾದರೂ ಹಟ ಹಿಡಿದರೆ, 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ ಸೆಕ್ಷನ್ 3ರಡಿ ಎಚ್ಚರಿಕೆ ಕೊಟ್ಟು ಬಿಡುವಂತೆ ಅದೇ ದಿನ ಅರ್ಜಿ ಕೊಡಿ. ಮೊದಲ ಅಪರಾಧ, ಎರಡು ವರ್ಷ ಮೀರದ ಶಿಕ್ಷೆ, ಎರಡೂ ಇಲ್ಲಿ ಹೊಂದುತ್ತವೆ. ಸೆಕ್ಷನ್ 12ರಿಂದ ಶಿಕ್ಷೆಗೆ ಅಂಟುವ ಅನರ್ಹತೆ ತಪ್ಪುತ್ತದೆ. ದಂಡ ಕಟ್ಟಿ ಹೊರಬಂದ ಮೇಲೆ ಇದನ್ನು ಕೇಳಿದರೆ ಪ್ರಯೋಜನ ಇಲ್ಲ.

---

ಕಾಲಮಿತಿ

188 ಬಿದ್ದರೂ 269 ತಾನಾಗಿ ಬೀಳೋದಿಲ್ಲ, ಅದಕ್ಕೆ 195ರ ರಕ್ಷಣೆ ಇಲ್ಲ. ಮುನಿಯಪ್ಪನ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿದ್ದು: ಉಳಿದ ಅಪರಾಧ 188ರಿಂದ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿದ್ದರೆ ಮಾತ್ರ ಜೊತೆಗೆ ಹೋಗುತ್ತದೆ. ಆದ್ದರಿಂದ 269ನ್ನು ಅದರದ್ದೇ ಸತ್ವದ ಮೇಲೆ ಹೊಡೆಯಬೇಕು. ಅಲ್ಲಿದ್ದ ಒಬ್ಬರಿಗಾದರೂ ಪಾಸಿಟಿವ್ ಬಂದಿತ್ತಾ? ಕ್ವಾರಂಟೈನ್‌ನಲ್ಲಿ ಇರಬೇಕಾದವರು ಬಂದಿದ್ದರಾ? ಒಂದು ಲ್ಯಾಬ್ ವರದಿ, ತಾಲ್ಲೂಕು ಆರೋಗ್ಯಾಧಿಕಾರಿಯ ಒಂದು ಪತ್ರ? ಏನೂ ಇಲ್ಲದೆ "ಜನ ಸೇರಿದ್ದರು, ಆದ್ದರಿಂದ ಸೋಂಕು ಹರಡುವ ಸಂಭವ" ಅಂತ ಬರೆದಿದ್ದರೆ ದುರ್ಬಲ. ತಬ್ಲೀಗ್ ಜಮಾತ್‌ಗೆ ಬಂದವರಿಗೆ ಆಸರೆ ಕೊಟ್ಟರೆಂದು 70 ಭಾರತೀಯರ ಮೇಲೆ ಹಾಕಿದ್ದ 16 ಪ್ರಕರಣಗಳನ್ನು 2025ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ರದ್ದು ಮಾಡಿತು. ಸೋಂಕಿತರಾಗಿದ್ದರು ಅನ್ನೋದಕ್ಕೆ ಪುರಾವೆ ಇಲ್ಲ ಅನ್ನೋದು ಅಲ್ಲಿ ಎಣಿಕೆಗೆ ಬಂದ ಕಾರಣಗಳಲ್ಲಿ ಒಂದು. ಕರ್ನಾಟಕದಲ್ಲಿ ಅದು ಕಟ್ಟುಪಾಡಲ್ಲ, ಆದರೆ ಓದಿ ತೋರಿಸಬಹುದು.

ಈಗ ಅವಧಿ. 188, 269, 51ರ ಮೊದಲ ಭಾಗ ಎಲ್ಲವೂ ಒಂದು ವರ್ಷ ಮೀರದ ಶಿಕ್ಷೆಯವು. ಸಿಆರ್‌ಪಿಸಿ 468ರ ಪ್ರಕಾರ ಕಾಲಮಿತಿ ಒಂದು ವರ್ಷ, ಅಂದರೆ 2021ರ ಮೇ. ಚಾರ್ಜ್‌ಶೀಟ್ ನವೆಂಬರ್‌ನದ್ದು. ಸುಪ್ರೀಂ ಕೋರ್ಟಿನ ಸಾರಾ ಮ್ಯಾಥ್ಯೂ ತೀರ್ಪಿನಂತೆ ಎಣಿಸೋದು ಪ್ರಾಸಿಕ್ಯೂಷನ್ ಹೂಡಿದ ದಿನಕ್ಕೆ, ಕಾಗ್ನಿಜೆನ್ಸ್ ದಿನಕ್ಕಲ್ಲ. ಹಾಗೆ ಎಣಿಸಿದರೂ ತಡವೇ. ಆದರೆ ಹುಷಾರು: 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶವನ್ನು ಸರ್ಕಾರಿ ಅಭಿಯೋಜಕರು ತೋರಿಸುತ್ತಾರೆ. ಆ ವಿಸ್ತರಣೆಯನ್ನು ಪೊಲೀಸರ ತನಿಖಾ ಗಡುವಿಗೆ ಎಳೆಯಬಾರದು ಅಂತ ಎಸ್. ಕಾಸಿ ಪ್ರಕರಣದಲ್ಲಿ (ಜೂನ್ 2020) ಹೇಳಿದ್ದಿದೆ, ಆದರೆ ಅದು ಡಿಫಾಲ್ಟ್ ಜಾಮೀನಿನ (ತನಿಖೆ ಗಡುವಿನೊಳಗೆ ಮುಗಿಯದಿದ್ದರೆ ಸಿಗುವ ಜಾಮೀನು) ಸಂದರ್ಭ. ವಾದಕ್ಕೆ ಎರಡೂ ಕಡೆ ಜಾಗ ಇದೆ. ಕಾಲಮಿತಿಯನ್ನು ಎರಡನೇ ಅಂಶವಾಗಿ ಇಡಿ, ಮೊದಲನೆಯದಾಗಿ ಬೇಡ.

ಚಾರ್ಜ್‌ಶೀಟ್‌ನಲ್ಲಿ ಐಪಿಸಿ 270 (ದುರುದ್ದೇಶದಿಂದ ಸೋಂಕು ಹರಡುವಂಥ ಕೃತ್ಯ) ಸೇರಿಸಿದ್ದಾರಾ, ಅಥವಾ 51ರ "ಜೀವಹಾನಿ ಅಥವಾ ಅಪಾಯ" ಅನ್ನೋ ಭಾಗ ಹಿಡಿದಿದ್ದಾರಾ ಅಂತಲೂ ನೋಡಿ. ಎರಡಕ್ಕೂ ಎರಡು ವರ್ಷದವರೆಗೆ ಶಿಕ್ಷೆ. ಆಗ ಮಿತಿ ಮೂರು ವರ್ಷ, ಕಾಲಮಿತಿಯ ವಾದವೇ ಮಾಯ.

---

ಹಳೇಫೈಲು

ಕಾಗದ ಸಿಕ್ಕಿತು. 270 ಇಲ್ಲ. ದೂರುದಾರರ ಕಾಲಂನಲ್ಲಿ "ಸರ್ಕಾರದ ಪರವಾಗಿ ಪಿಎಸ್‌ಐ" ಅಂತಿದೆ. ಜಿಲ್ಲಾಧಿಕಾರಿಯ ಪತ್ರ ಯಾವುದೂ ಇಲ್ಲ. ಮಹಜರಿನಲ್ಲಿ "ಸುಮಾರು 150ರಿಂದ 200 ಜನ", ಪಂಚರಿಬ್ಬರ ಸಹಿ, ಜೊತೆಗೆ ಒಂದು ಪೆನ್‌ಡ್ರೈವ್. ಆರ್ಡರ್ ಶೀಟ್‌ನಲ್ಲಿ ಕಾಗ್ನಿಜೆನ್ಸ್ ಆಗಿದೆ. ಮದುಮಗನ ಮೇಲೆ ಈಗ ಎನ್‌ಬಿಡಬ್ಲ್ಯೂ (ಜಾಮೀನುರಹಿತ ವಾರಂಟ್).

---

ಬಾರ್‌ರೂಮ್ ಬೆಂಚು

ಹಾಗಾದರೆ ವಾರಂಟೇ ಮೊದಲು. ಮದುಮಗ ಖುದ್ದು ಹಾಜರಾಗಿ, ವಕಾಲತ್ತು ಹಾಕಿ, ಸಿಆರ್‌ಪಿಸಿ 70(2)ರಡಿ ವಾರಂಟ್ ವಾಪಸ್ ಪಡೆಯಲು ಅರ್ಜಿ ಕೊಡಲಿ. ಸಮನ್ಸ್ ಹಳೇ ವಿಳಾಸದಿಂದ ವಾಪಸ್ ಬಂದ ನಮೂದು ಆರ್ಡರ್ ಶೀಟ್‌ನಲ್ಲೇ ಇರುತ್ತದೆ, ಅದನ್ನೇ ತೋರಿಸಿ. ಎಲ್ಲವೂ ಜಾಮೀನು ಸಿಗುವ ಕಲಮುಗಳು. ಶ್ಯೂರಿಟಿಯವರು ಪಹಣಿ, ಆಧಾರ್ ಹಿಡಿದು ಅದೇ ದಿನ ಕೋರ್ಟ್‌ನಲ್ಲಿರಲಿ. ಅವರು ಬರದೆ ಸಂಜೆಯಾದರೆ ಸುಮ್ಮನೆ ಪರದಾಟ. ಮುಂದಿನ ತಾರೀಕುಗಳಿಗೆ 205ರಡಿ ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳಿ, ಪುಣೆಯ ವಿಳಾಸದ ದಾಖಲೆ ಲಗತ್ತಿಸಿ.

ಮುಗಿಸೋಕೆ ದಾರಿ ಎರಡು. ಇದು ಸಮನ್ಸ್ ಕೇಸು (ಎರಡು ವರ್ಷ ಮೀರದ ಶಿಕ್ಷೆ). 239ರಡಿ ಡಿಸ್ಚಾರ್ಜ್ (ವಿಚಾರಣೆಗೆ ಮುಂಚೆಯೇ ಆರೋಪದಿಂದ ಬಿಡುಗಡೆ) ಅರ್ಜಿ ಇಲ್ಲಿ ನಡೆಯೋದಿಲ್ಲ, ಅನೇಕರು ಅದನ್ನೇ ಹಾಕಿ ಆರು ತಿಂಗಳು ಕಳೀತಾರೆ. ಪೊಲೀಸ್ ವರದಿ ಮೇಲೆ ಬಂದ ಸಮನ್ಸ್ ಕೇಸಿಗೆ ಇರೋದು 258, ನಡಾವಳಿ ನಿಲ್ಲಿಸುವ ಅಧಿಕಾರ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಕಾರಣ ಬರೆದು ನಿಲ್ಲಿಸಬಹುದು. ಮುಖ್ಯ ಸಾಕ್ಷಿಯ ವಿಚಾರಣೆಗೆ ಮುಂಚೆ ಆದರೆ ಅದು ಡಿಸ್ಚಾರ್ಜ್‌ಗೆ ಸಮ.

ಎರಡನೆಯದು ಹೈಕೋರ್ಟ್‌ನಲ್ಲಿ ಕೇಸು ರದ್ದು ಕೋರುವ ಅರ್ಜಿ: ಸಿಆರ್‌ಪಿಸಿ 482, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 528. ಹಾವೇರಿಯದ್ದು ಧಾರವಾಡ ಪೀಠಕ್ಕೆ ಹೋಗಬೇಕು, ಬೆಂಗಳೂರಿಗಲ್ಲ. ಮೂವರೂ ಒಟ್ಟಿಗೇ ಅರ್ಜಿದಾರರಾಗಿ. ಒಬ್ಬರದ್ದಷ್ಟೇ ರದ್ದಾದರೆ ಉಳಿದವರ ಮೇಲಿನದ್ದು ತಾನಾಗಿ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಶಾಮಿಯಾನದವರನ್ನು ಬಿಟ್ಟು ಹೋಗೋದು ನ್ಯಾಯವೂ ಅಲ್ಲ ಬಿಡಿ.

ನಿಮ್ಮ ಕಾಗದ ನೋಡಿದರೆ ಧಾರವಾಡವೇ ಸರಿ. 195 ಮತ್ತು 60 ಎರಡೂ ದಾಖಲೆಯ ಮುಖದಲ್ಲೇ ಕಾಣುವ ದೋಷ, ಸಾಕ್ಷಿ ನಡೆಸುವ ಅಗತ್ಯವೇ ಇಲ್ಲ. 321ರಡಿ ಕೇಸು ವಾಪಸ್ ಅಂತ ಯಾರಾದರೂ ಹೇಳಿದರೆ, ಅದು ಅಭಿಯೋಜಕರ ಅರ್ಜಿ, ಕೋರ್ಟಿನ ಒಪ್ಪಿಗೆ. ಆರೋಪಿ ಹಾಕುವಂಥದ್ದಲ್ಲ.

---

ಕಾಲಮಿತಿ

ವಿಚಾರಣೆಗೇ ಹೋಗಬೇಕಾಗಿ ಬಂದರೆ ಎಣಿಕೆಯನ್ನೇ ಹಿಡಿಯಿರಿ. ಆ ದಿನ ಜಾರಿಯಲ್ಲಿದ್ದದ್ದು ಮೇ 17ರ ಕೇಂದ್ರ ಗೃಹ ಇಲಾಖೆಯ ಆದೇಶ, ಮೇ 31ರವರೆಗೆ. ಮದುವೆಗೆ ಅದು ಹಾಕಿದ ಮಿತಿ 50 "ಅತಿಥಿಗಳು". ಅಡುಗೆಯವರು, ವಾಲಗದವರು, ಪುರೋಹಿತರು ಅತಿಥಿಗಳಾ? "ಸುಮಾರು 150ರಿಂದ 200" ಅಂದವರು ಎಣಿಸಿದರಾ, ಗೇಟಿನಲ್ಲಿ ನಿಂತು ಅಂದಾಜು ಮಾಡಿದರಾ? ಒಬ್ಬ ಅತಿಥಿಯ ಹೆಸರಾದರೂ ಇದೆಯಾ? ಪೆನ್‌ಡ್ರೈವ್‌ಗೆ ಸಾಕ್ಷ್ಯ ಕಾಯ್ದೆ 65ಬಿ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ್ದು) ಇಲ್ಲದಿದ್ದರೆ ವಿಡಿಯೊ ಓದಿಸೋದೇ ಕಷ್ಟ. 188ಕ್ಕೆ ಆದೇಶ ಆರೋಪಿಗೆ ಗೊತ್ತಿತ್ತು ಅಂತಲೂ ತೋರಿಸಬೇಕು. ಡಂಗುರ, ಪಂಚಾಯಿತಿ ಬೋರ್ಡು, ಯಾವುದರ ದಾಖಲೆ ಇದೆ ನೋಡಿ. ಮದುವೆಗೆ ತಹಶೀಲ್ದಾರರ ಅನುಮತಿ ತೆಗೆದುಕೊಂಡಿದ್ದರೆ ಮಾತ್ರ ಈ ಕೊನೆಯ ವಾದ ಬಿಡಿ. ಅನುಮತಿ ಪತ್ರದಲ್ಲೇ ಷರತ್ತು ಅಚ್ಚಾಗಿದ್ದರೆ ಗೊತ್ತಿರಲಿಲ್ಲ ಅನ್ನೋಕೆ ಬಾಯಿ ಇರೋಲ್ಲ.

---

ಟಪಾಲು

ಪಾಸ್‌ಪೋರ್ಟ್ ಬಗ್ಗೆ. ಪಾಸ್‌ಪೋರ್ಟ್ ಕಾಯ್ದೆ 1967ರ 6(2)(ಎಫ್) ಅಡ್ಡಿಪಡಿಸೋದು ಕ್ರಿಮಿನಲ್ ಕೋರ್ಟ್ ಮುಂದೆ ನಡಾವಳಿ ಬಾಕಿ ಇದ್ದರೆ. ಬರಿ ಎಫ್‌ಐಆರ್ ಅದಲ್ಲ ಅಂತ ವಿದೇಶಾಂಗ ಇಲಾಖೆಯೇ 2019ರ ಅಕ್ಟೋಬರ್ ಜ್ಞಾಪನದಲ್ಲಿ ಹೇಳಿದೆ. ನಿಮ್ಮದರಲ್ಲಿ ಕಾಗ್ನಿಜೆನ್ಸ್ ಆಗಿರೋದರಿಂದ ಆ ರಿಯಾಯಿತಿ ಇಲ್ಲ. ನಮೂನೆಯಲ್ಲಿ "ಹೌದು" ಅಂತಲೇ ಬರೆಯಿರಿ. ಮುಚ್ಚಿಟ್ಟರೆ ಸೆಕ್ಷನ್ 12ರಡಿ ಅದೇ ಇನ್ನೊಂದು ಅಪರಾಧ.

ಹೈಕೋರ್ಟ್ ಆದೇಶ ಬರುವಷ್ಟು ಪುರಸೊತ್ತಿಲ್ಲದಿದ್ದರೆ, ಕೇಸು ನಡೆಯುತ್ತಿರುವ ಕೋರ್ಟ್‌ನಲ್ಲೇ 1993ರ ಆಗಸ್ಟ್ 25ರ ಜಿಎಸ್‌ಆರ್ 570(ಇ) ಅಧಿಸೂಚನೆಯಡಿ (ಕೇಸು ಬಾಕಿ ಇದ್ದರೂ ಕೋರ್ಟಿನ ಅನುಮತಿ ಮೇಲೆ ಪಾಸ್‌ಪೋರ್ಟ್ ಕೊಡುವಂಥದ್ದು) ಅನುಮತಿ ಕೇಳಿ. ಇಲ್ಲಿ ಎಡವೋದು ಒಂದೇ ಕಡೆ: ಆದೇಶದಲ್ಲಿ ಅವಧಿ ಬರೆಸದಿದ್ದರೆ ಕೈಗೆ ಬರೋದು ಒಂದೇ ವರ್ಷದ ಪಾಸ್‌ಪೋರ್ಟ್. ಅರ್ಜಿಯ ಪ್ರಾರ್ಥನೆಯಲ್ಲೇ "ಹತ್ತು ವರ್ಷದ ಅವಧಿಗೆ" ಅಂತ ಬರೆಯಿರಿ, ಆದೇಶದ ಕೊನೆಯ ಪ್ಯಾರಾದಲ್ಲಿ ಅದು ಬಂದಿದೆಯಾ ಓದಿ ನೋಡಿ, ಆಮೇಲೆ ನಕಲು ತೆಗೆಸಿ. ವಾರಂಟ್ ವಾಪಸ್ ಆಗುವ ಮುಂಚೆ ಈ ಅರ್ಜಿ ಹಾಕಬೇಡಿ. ಕೋರ್ಟ್ ವಾರಂಟ್ ಇದ್ದವರಿಗೆ ಪಾಸ್‌ಪೋರ್ಟ್ ನಿರಾಕರಿಸೋಕೆ 6(2)(ಜಿ) ಅಂತ ಬೇರೆಯೇ ಕಲಮು ಇದೆ.

ಟೆಂಪೊ ಬಾಂಡ್ ಕೇಸು ಮುಗಿಯೋವರೆಗೂ ಜೀವಂತ. ಅಷ್ಟರಲ್ಲಿ ಗಾಡಿ ಮಾರೋ ಯೋಚನೆ ಮಾಲೀಕರಿಗಿದ್ದರೆ ಮೊದಲು ಬಾಂಡ್‌ನ ಷರತ್ತು ಓದಲಿ. ರದ್ದತಿ ಆದೇಶ ಬಂದ ದಿನವೇ ಅದರ ನಕಲಿನೊಂದಿಗೆ ಬಾಂಡ್ ರದ್ದು ಮಾಡಿಸುವ ಮೆಮೊ ಕೆಳಗಿನ ಕೋರ್ಟ್‌ನಲ್ಲಿ ಹಾಕಿ, ಇನ್ನೊಂದು ನಕಲು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಠಾಣೆಯ ಕಂಪ್ಯೂಟರ್‌ನಲ್ಲಿ ಕೇಸಿನ ಸ್ಥಿತಿ ಬದಲಾಗದಿದ್ದರೆ ಪೊಲೀಸ್ ವೆರಿಫಿಕೇಷನ್‌ನಲ್ಲಿ ಮತ್ತೆ "ಬಾಕಿ ಇದೆ" ಅಂತಲೇ ಹೋಗುತ್ತದೆ.