ಜೆನೆಟಿಕ್ ಕ್ಲಿನಿಕ್ ಬಗ್ಗೆ ಸಭೆಗೆ ಕರೆದಿದ್ದಾರೆ, ನಾನೇನು ಮಾತಾಡಲಿ?

ಪ್ರಶ್ನೆ (ಒಬ್ಬ ತಾಯಿ, ಮಾಗಡಿ ರೋಡ್):
ಮೇಡಂ, ನಮಸ್ಕಾರ. ನನ್ನ ಮಗನಿಗೆ ಎಸ್‌ಎಂಎ ಅನ್ನೋ, ವಂಶದಿಂದ ಬರುವ ಕಾಯಿಲೆ. ಸ್ನಾಯುಗಳು ದಿನೇ ದಿನೇ ಸೋಲುತ್ತವೆ. ನಾನು ಮದುವೆಯಾಗಿರುವುದು ಸೋದರಮಾವನನ್ನೇ. ನಾವು ತೋರಿಸುವ ಆಸ್ಪತ್ರೆಯಲ್ಲಿ, ಜೆನೆಟಿಕ್ ಕ್ಲಿನಿಕ್ ಇನ್ನು ಮುಂದೆ ಹೇಗಿರಬೇಕು ಅಂತ ಮಾತಾಡೋಕೆ ಸಭೆ ಇಟ್ಟಿದ್ದಾರೆ. ಡಾಕ್ಟರ್‌ಗಳು, ಲ್ಯಾಬ್‌ನವರು, ಜೊತೆಗೆ ನಮ್ಮಂಥ ಆರು ಜನ ಅಪ್ಪ ಅಮ್ಮಂದಿರು. ನಾನು ಓದಿರುವುದು ಪಿಯುಸಿ. ಸುಮ್ನೆ ಕೂತು ಟೀ ಕುಡಿದು ಬರೋದಾ?

ಉತ್ತರ (ಜೆನೆಟಿಕ್ ಕೌನ್ಸೆಲರ್):
ಟೀ ಕುಡಿಯಿರಿ, ಮಾತೂ ಆಡಿ. 'ಸೇವೆ ಚೆನ್ನಾಗಿರಬೇಕು' ಅಂತ ಮಾತ್ರ ಹೇಳಬೇಡಿ. ಎಲ್ಲರೂ ತಲೆ ಆಡಿಸಿ ಮರೆತುಬಿಡುತ್ತಾರೆ. ನೀವು ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಆ ಒಂದು ಗಳಿಗೆಯನ್ನು ಹೇಳಿ.

ನನ್ನದೇ ಒಂದು ತಪ್ಪು ಹೇಳ್ತೀನಿ. ನಾವು ವಂಶದ ನಕ್ಷೆ ಬರೆಯುವಾಗ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಸಂಬಂಧದಲ್ಲೇ ಮದುವೆಯಾದವರ ನಡುವೆ ಒಂದರ ಬದಲು ಎರಡು ಗೆರೆ. ನಮಗೆ ಅದು ಬರೀ ಗುರುತು. ಒಬ್ಬ ತಾಯಿ ಆ ಎರಡು ಗೆರೆ ಮೇಲೆ ಬೆರಳಿಟ್ಟು, 'ಇದು ನಮ್ಮ ತಪ್ಪು ಅಂತ ಹಾಕಿದ್ದಾ?' ಅಂದರು. ಅಷ್ಟು ವರ್ಷ ಆ ಗೆರೆ ಎಳೆದಿದ್ದೆ, ಒಂದು ದಿನವೂ ಹೊಳೆದಿರಲಿಲ್ಲ. ಈಗ ಪೆನ್ನು ಎತ್ತುವ ಮೊದಲೇ, ಇದು ತಪ್ಪಿನ ಗುರುತಲ್ಲ ಅಂತ ಹೇಳಿಬಿಡುತ್ತೇನೆ.

ಇನ್ನೊಂದು, ಆ 25 ಪರ್ಸೆಂಟ್. ಎಸ್‌ಎಂಎ ಜೀನ್‌ನ ಕೆಟ್ಟ ಪ್ರತಿ ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಇದ್ದರೆ, ಪ್ರತಿ ಬಸುರಿಗೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25 ಪರ್ಸೆಂಟ್. ಎಷ್ಟೋ ಜನ ಇದನ್ನು 'ಒಂದಕ್ಕೆ ಬಂತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ' ಅಂತ ತಪ್ಪಾಗಿ ತಿಳಿದುಕೊಂಡು ಮನೆಗೆ ಹೋಗುತ್ತಾರೆ. ನಿಮಗೆ ಯಾರು, ಯಾವ ಮಾತಿನಲ್ಲಿ ಹೇಳಿದಾಗ ಅರ್ಥವಾಯಿತು? ಅದನ್ನು ಸಭೆಯಲ್ಲಿ ಹೇಳಿ. ಡಾಕ್ಟರ್‌ಗಳಿಗೆ ಗೊತ್ತಿಲ್ಲದ ವಿಷಯ ಅದೇ.

ಇಂಗ್ಲೆಂಡ್‌ನಲ್ಲಿ 2004ರಿಂದ ಜೇಮ್ಸ್ ಲಿಂಡ್ ಅಲಯನ್ಸ್ ಅಂತ ಒಂದಿದೆ. ರೋಗಿಗಳು, ಅವರನ್ನು ನೋಡಿಕೊಳ್ಳುವವರು, ಡಾಕ್ಟರ್‌ಗಳು ಒಟ್ಟಿಗೆ ಕೂತು ಯಾವ ಪ್ರಶ್ನೆಗೆ ಮೊದಲು ಸಂಶೋಧನೆ ಬೇಕು ಅಂತ ಹತ್ತನ್ನು ಆರಿಸುತ್ತಾರೆ. ನಿಮ್ಮ ಸಭೆಯಲ್ಲೂ ಪಟ್ಟಿ ಮೊದಲೇ ಟೈಪ್ ಆಗಿ ಬಂದಿದ್ದರೆ, ಕೊನೆಗೆ ಖಾಲಿ ಸಾಲು ಬಿಡಿ ಅಂತ ಕೇಳಿ.

ಪ್ರಶ್ನೆ (ಮಕ್ಕಳ ಡಾಕ್ಟರ್, ರಾಮನಗರದ ಕಡೆ):
ಇಂಥ ಸಭೆಗೆ ನಮ್ಮನ್ನು ಯಾರೂ ಕರೆಯಲ್ಲ ಮೇಡಂ. ಮಗುವನ್ನು ಮೊದಲು ನೋಡುವವರು ನಾವು.

ಉತ್ತರ:
ನಿಜ ಸರ್, ಅದು ದೊಡ್ಡ ಕೊರತೆ. ತಾಯಿ ಮತ್ತೆ ಬಸುರಿಯಾದಾಗ ಗರ್ಭದ ಪರೀಕ್ಷೆಗೆ ಕಾಲ ಕಾಯಲ್ಲ. ಮಾಸಿನ ತುಣುಕು ತೆಗೆಯುವುದು ಸುಮಾರು 11ರಿಂದ 13 ವಾರದೊಳಗೆ, ಗರ್ಭದ ನೀರು ತೆಗೆಯುವುದು 15 ವಾರ ಆದಮೇಲೆ. ಮೊದಲ ಮಗುವಿನ ಜೀನ್ ರಿಪೋರ್ಟ್ ಕೈಯಲ್ಲಿ ಇಲ್ಲದಿದ್ದರೆ ಲ್ಯಾಬ್‌ನವರು ಏನಂತ ಹುಡುಕಬೇಕು? ನಮ್ಮ ಹತ್ತಿರ ಬರುವವರಲ್ಲಿ ಜಾಸ್ತಿ ಜನ ನಾಲ್ಕು ತಿಂಗಳು ತುಂಬಿದ ಮೇಲೆ ಬರುತ್ತಾರೆ. ನೀವು ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಎರಡು ಮೂರು ಎಂಎಲ್ ರಕ್ತ ಕಳಿಸಿ, ಮಾತುಕತೆ ವಿಡಿಯೋದಲ್ಲಿ ಆದರೆ, ಆ ಮನೆಯವರಿಗೆ ಬೆಂಗಳೂರಿನ ಒಂದು ಓಡಾಟ ಉಳಿಯುತ್ತದೆ. ಆಸ್ಪತ್ರೆಯವರಿಗೆ ನೀವೇ ಬರೆಯಿರಿ, ಕರೆಯಲಿ ಅಂತ ಕಾಯಬೇಡಿ.

ಪ್ರಶ್ನೆ (ಒಬ್ಬ ತಂದೆ, ಯಲಹಂಕ):
ನಮ್ಮ ಡಿಎನ್‌ಎ ಮಾಹಿತಿ ಆಮೇಲೆ ಯಾರ ಕೈಗೆ ಹೋಗುತ್ತೆ?

ಉತ್ತರ:
ಚಿಕಿತ್ಸೆಗೆ ಒಪ್ಪುವುದು ಬೇರೆ, ಸಂಶೋಧನೆಗೆ ಒಪ್ಪುವುದು ಬೇರೆ. ಎರಡಕ್ಕೂ ಒಂದೇ ಸಹಿ ಕೇಳಿದರೆ ಅಲ್ಲೇ ನಿಲ್ಲಿಸಿ ಕೇಳಿ. ಸಂಶೋಧನೆಗೆ ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಜನರ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದುವ ಗುರಿ ಇತ್ತು. ಅದರ ಮಾಹಿತಿ ಫರೀದಾಬಾದ್‌ನ ಸರ್ಕಾರಿ ಡೇಟಾ ಕೇಂದ್ರದಲ್ಲಿದೆ. ನಿಮ್ಮ ಆಸ್ಪತ್ರೆಯದು ಎಲ್ಲಿರುತ್ತದೆ ಅನ್ನುವುದನ್ನು ಅವರು ಕನ್ನಡದಲ್ಲಿ ಬರೆದು ಕೊಡಬೇಕು.

ಮರುಪ್ರಶ್ನೆ (ಮೊದಲ ತಾಯಿ):
ಮೇಡಂ, ಸಭೆ ಬುಧವಾರ ಬೆಳಗ್ಗೆ 11ಕ್ಕೆ. ನಮ್ಮನೆಯವರಿಗೆ ಒಂದು ದಿನದ ಕೂಲಿ ಹೋಗುತ್ತೆ. ಮಗನನ್ನು ನೋಡಿಕೊಳ್ಳೋಕೂ ಯಾರೂ ಇಲ್ಲ.

ಉತ್ತರ:
ಇವತ್ತೇ ಫೋನ್ ಮಾಡಿ ಇದನ್ನು ಹೇಳಿ. ಭಾನುವಾರ ಇಡಲಿ, ಇಲ್ಲಾಂದ್ರೆ ಬಂದು ಹೋಗುವ ಖರ್ಚು ಕೊಡಲಿ. ಮಗನನ್ನೂ ಕರೆದುಕೊಂಡು ಹೋಗಿ. ವೀಲ್‌ಚೇರ್ ಸಭೆಯ ಕೋಣೆವರೆಗೂ ಹೋಗುತ್ತಾ ಅಂತ ಮೊದಲೇ ವಿಚಾರಿಸಿ.